ಊರು ಬಿಟ್ಟ ಕಾಲ, ಮನೆ ಬಿಡದ ಕಾಲ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸತ್ತವರ ಲೆಕ್ಕದಿಂದ ಓದುತ್ತೇವೆ. ಎಷ್ಟು ಮಂದಿ ತೀರಿಕೊಂಡರು, ಎಷ್ಟು ಆಸ್ಪತ್ರೆಗಳು ತೆರೆದವು, ಲಸಿಕೆ ಯಾವಾಗ ಬಂದಿತು ಎಂಬ ವಿವರಗಳೇ ಪುಟಗಳನ್ನು ತುಂಬುತ್ತವೆ. ಬದುಕಿ ಉಳಿದವರು ಆ ದಿನಗಳಲ್ಲಿ ಎಲ್ಲಿ ಓಡಾಡಿದರು, ಯಾರ ಓಡಾಟಕ್ಕೆ ಅಪ್ಪಣೆ ಇತ್ತು, ಯಾರದಕ್ಕೆ ಇರಲಿಲ್ಲ ಎಂಬ ಪ್ರಶ್ನೆ ಅವುಗಳ ಮುಂದೆ ಸಣ್ಣದೆಂದು ತೋರುತ್ತದೆ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ನಮ್ಮ ಸೀಮೆ ಕಂಡ ಎರಡು ಪಿಡುಗುಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಈ ಸಣ್ಣ ಪ್ರಶ್ನೆಯೇ ದೊಡ್ಡದಾಗುತ್ತದೆ. ಒಂದರಲ್ಲಿ ಜನರನ್ನು ಮನೆಯಿಂದ ಬಯಲಿಗೆ ಹೊರಡಿಸಲಾಯಿತು. ಇನ್ನೊಂದರಲ್ಲಿ ಬಯಲಿನಿಂದ ಮನೆಯೊಳಕ್ಕೆ ಅಟ್ಟಲಾಯಿತು. ನಡುವಿನ ಅಂತರ ಸುಮಾರು 120 ವರ್ಷ.

ಮೊದಲನೆಯದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ ರೈಲಿನ ಹಾದಿ ಹಿಡಿದು ಹುಬ್ಬಳ್ಳಿಯ ಕಡೆಯಿಂದ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಬಂದಿತು. ಅಲ್ಲಿಂದ ಜಿಲ್ಲೆಯ ಹಳ್ಳಿಗಳಿಗೂ ಹರಡಿತು. ಆಗ ನಮ್ಮ ನಾಲ್ಕೂ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆಗೆ ಸೇರಿದ್ದವು. ಸಂಸ್ಥಾನವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮುಂದೆ 1906ರಲ್ಲಿ ಮೈಸೂರಿನ ದಿವಾನರಾದವರೂ ಅವರೇ. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಬೇರೆಯಾಗಿ ಇರಿಸುವುದು, ಅವರೊಡನೆ ಇದ್ದವರನ್ನು ಊರ ಹೊರಗಿನ ಶಿಬಿರಗಳಿಗೆ ಕಳುಹಿಸುವುದು, ರೋಗ ಕಂಡ ಮನೆಯನ್ನು ತೆರವು ಮಾಡಿ ಸೂರು ಬಿಚ್ಚಿ ಬಿಸಿಲು ಬೀಳಿಸುವುದು, ಇವು ಆ ಕಾಲದ ಮುಖ್ಯ ಕ್ರಮಗಳು.

ಜನರು ಇದನ್ನು ಸಂತೋಷದಿಂದ ಒಪ್ಪಿದರೆಂದು ಭಾವಿಸಬಾರದು. ಬ್ರಿಟಿಷ್ ಆಳ್ವಿಕೆಯ ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ನಡೆಸಿದ ತಪಾಸಣೆಯಿಂದ ಜನ ಎಷ್ಟು ಕೆರಳಿದರೆಂದರೆ, 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅದೇ ವರ್ಷದ ಆರಂಭದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತ್ತು. ಈ ಕಾಯಿದೆಯ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಅದು ಮತ್ತೆ ಬರುತ್ತದೆ.

ಆದರೆ ನಮ್ಮ ಹಳ್ಳಿಗರು ಸರ್ಕಾರದ ಅಪ್ಪಣೆಗೇ ಕಾದು ಕೂರಲಿಲ್ಲ. ಇಲಿ ಬಿದ್ದರೆ ಊರು ಬಿಡಬೇಕು ಎಂಬುದು ಬಹುಬೇಗ ರೂಢಿಯಾಯಿತು. ಹಿಂದಿನ ತಲೆಮಾರಿನ ಹಿರಿಯರು ತಮ್ಮ ವಯಸ್ಸನ್ನು ಹೇಳುವಾಗ ‘ಪ್ಲೇಗಿನ ವರ್ಷ ಹುಟ್ಟಿದವನು’, ‘ಊರು ಬಿಟ್ಟಾಗ ಕೈಗೂಸು’ ಎಂದು ಲೆಕ್ಕ ಹಾಕುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಬಿದಿರು ಗಳ, ತೆಂಗಿನ ಗರಿ, ಹುಲ್ಲು ಹೊಂದಿಸಿ ಹೊಲದಲ್ಲೋ ತೋಪಿನಲ್ಲೋ ಗುಡಿಸಲು ಹಾಕಿಕೊಂಡು, ದನಕರುಗಳೊಡನೆ ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತಿದ್ದರು. ಒಲೆ, ಒರಳು, ಹೆರಿಗೆ, ಮಕ್ಕಳ ಆಟ ಎಲ್ಲವೂ ಬಯಲಿನಲ್ಲಿಯೇ. ಕಾಯಿಲೆ ಇಳಿಯಿತೆಂದು ತಿಳಿದ ಮೇಲೆ ಮನೆಗಳನ್ನು ಶುದ್ಧಮಾಡಿ, ಪ್ಲೇಗಮ್ಮನಿಗೋ ಮಾರಮ್ಮನಿಗೋ ತಂಪು ಮಾಡಿ ಊರೊಳಕ್ಕೆ ಬರುತ್ತಿದ್ದರು. ಪ್ಲೇಗು ಒಂದೇ ವರ್ಷಕ್ಕೆ ಮುಗಿಯದೆ ಮತ್ತೆ ಮತ್ತೆ ಬಂದುದರಿಂದ ಈ ಊರು ಬಿಡುವ ಕಷ್ಟವೂ ಮರಳಿ ಮರಳಿ ಬಂದಿತು. ಹೊಲ ಇದ್ದವರಿಗೆ ಗುಡಿಸಲಿಗೆ ಜಾಗವಿತ್ತು. ಇಲ್ಲದವರು ಇನ್ನೊಬ್ಬರ ಬದುವಿನ ಮೇಲೆ ನಿಲ್ಲಬೇಕಾಗಿತ್ತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಮನುಷ್ಯನಿಗೆ ದಾಟಿಸುತ್ತದೆ ಎಂಬುದನ್ನು ಫ್ರೆಂಚ್ ವೈದ್ಯ ಸಿಮೋಂ 1898ರಲ್ಲಿ ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ ತೋರಿಸಿದರೂ ವಿಜ್ಞಾನಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳೇ ಬೇಕಾದವು. ಕಾರಣ ಪೂರ್ತಿ ತಿಳಿಯುವ ಮೊದಲೇ ನಮ್ಮ ಜನ ಸರಿಯಾದ ದಾರಿಯನ್ನು ಹಿಡಿದಿದ್ದರು. ಅಪಾಯವಿದ್ದದ್ದು ಕತ್ತಲು ಕವಿದ ಮನೆಯೊಳಗೆ, ಕಣಜದ ಬುಡದಲ್ಲಿ. ಕ್ಷೇಮವಿದ್ದದ್ದು ಗಾಳಿ ಬಿಸಿಲುಗಳಲ್ಲಿ. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ಬೀದಿ, ಮನೆಯ ಸುತ್ತ ಖಾಲಿ ಜಾಗಗಳೊಡನೆ ಬೆಳೆದುದಕ್ಕೂ ಇದೇ ಅನುಭವ ಹಿನ್ನೆಲೆಯಾಯಿತು. ಪ್ಲೇಗು ನಮ್ಮವರಿಗೆ ಬಯಲಿನ ಬೆಲೆಯನ್ನು ಕಲಿಸಿತ್ತು.

ಈಗ ಎರಡನೆಯ ಪಿಡುಗಿಗೆ ಬರೋಣ. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ಭಾರತದ ಮೊದಲ ಕೋವಿಡ್ ಸಾವೆಂದು ಎರಡು ದಿನಗಳ ನಂತರ ದೃಢಪಟ್ಟಿತು. ಅದೇ ತಿಂಗಳು ಕರ್ನಾಟಕ ಸರ್ಕಾರ ಹೊರಡಿಸಿದ ಕೋವಿಡ್ ನಿಯಮಗಳಿಗೆ ಆಧಾರವಾದದ್ದು ಯಾವುದು ಬಲ್ಲಿರಾ? ಪ್ಲೇಗಿಗಾಗಿ ಹುಟ್ಟಿದ ಅದೇ 1897ರ ಕಾಯಿದೆ. ಮಾರ್ಚ್ 22ರಂದು ಜನತಾ ಕರ್ಫ್ಯೂ ನಡೆಯಿತು. ಅಂದೇ ಬೆಂಗಳೂರು ಗ್ರಾಮಾಂತರವೂ ಸೇರಿದಂತೆ ಒಂಬತ್ತು ಜಿಲ್ಲೆಗಳಲ್ಲಿ ನಿರ್ಬಂಧ ಘೋಷಣೆಯಾಯಿತು. ಮಾರ್ಚ್ 25ರಿಂದ ಇಡೀ ದೇಶವೇ 21 ದಿನಗಳ ಲಾಕ್‌ಡೌನ್‌ಗೆ ಒಳಗಾಯಿತು. ಪ್ಲೇಗಿನಲ್ಲಿ ‘ಹೊರಡಿ’ ಎಂದಿದ್ದ ಆಳ್ವಿಕೆ ಈಗ ‘ಹೊಸ್ತಿಲು ದಾಟಬೇಡಿ’ ಎಂದಿತು.

ಆ ಆದೇಶಗಳನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಯಾವುದಕ್ಕೆ ವಿನಾಯಿತಿ ಎಂಬ ಪಟ್ಟಿ ಅವುಗಳಲ್ಲಿದೆ. ದಿನಸಿ, ಹಾಲು, ಔಷಧಿ, ಬ್ಯಾಂಕು, ವಿದ್ಯುತ್ತು ಇವೆ. ಎರಡು ದಿನಗಳ ನಂತರ, ಮಾರ್ಚ್ 27ರಂದು, ಹೊಲದಲ್ಲಿ ದುಡಿಯುವ ರೈತರು ಮತ್ತು ಕೂಲಿಗಳೂ ಆ ಪಟ್ಟಿಗೆ ಸೇರಿದರು. ಆದರೆ ಆರೋಗ್ಯಕ್ಕಾಗಿ ನಡೆಯುವುದು, ಓಡುವುದು, ಮಕ್ಕಳು ಆಡುವುದು ಇವುಗಳ ಮಾತೇ ಇಲ್ಲ. ಬೇರೆ ದೇಶಗಳು ಈ ವಿಷಯದಲ್ಲಿ ಕೊಟ್ಟೋ ಕಿತ್ತುಕೊಂಡೋ ಏನಾದರೊಂದು ಹೇಳಿದ್ದವು. ಬ್ರಿಟನ್ ಮಾರ್ಚ್ 23ರಂದು ದಿನಕ್ಕೊಂದು ಸಲ ಹೊರಗೆ ವ್ಯಾಯಾಮ ಮಾಡಬಹುದು ಎಂದಿತು. ಫ್ರಾನ್ಸ್ ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ದಿನಕ್ಕೆ ಒಂದು ಗಂಟೆ ಎಂದು ಗೆರೆ ಎಳೆಯಿತು. ಬಹು ಕಠಿಣವಾಗಿದ್ದ ಸ್ಪೇನ್ ಕೂಡ ಏಪ್ರಿಲ್ 26ರಂದು ಮಕ್ಕಳನ್ನೂ ಮೇ 2ರಿಂದ ದೊಡ್ಡವರನ್ನೂ ಗೊತ್ತಾದ ವೇಳೆಯಲ್ಲಿ ಹೊರಗೆ ಬಿಟ್ಟಿತು. ನಮ್ಮಲ್ಲಿ ಇದ್ದದ್ದು ಮೌನ. ನಿಯಮ ಮೌನವಾದಲ್ಲಿ ಮಾತನಾಡುವುದು ಬೀದಿಯಲ್ಲಿ ನಿಂತ ಲಾಠಿ.

ಹಳ್ಳಿಯವರಿಗೆ ವ್ಯಾಯಾಮದ ಗೊಡವೆ ಏಕೆ, ಅವರು ದಿನವೆಲ್ಲ ದುಡಿಯುವವರಲ್ಲವೇ ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಲ ಉಳ್ಳವನು ಗುದ್ದಲಿ ಹೆಗಲಿಗೇರಿಸಿ ಹೋದರೆ ಯಾರೂ ತಡೆಯಲಿಲ್ಲ. ಆದರೆ ನಮ್ಮ ಸೀಮೆ ಈಗ ಬರಿಯ ಹೊಲಗಳ ಸೀಮೆಯಲ್ಲ. ದೊಡ್ಡಬಳ್ಳಾಪುರದಲ್ಲಿ ನೇಕಾರಿಕೆಯನ್ನೇ ನೆಚ್ಚಿದ ಕುಟುಂಬಗಳಿವೆ. ಮಗ್ಗವೂ ಅಡುಗೆಯೂ ಒಂದೇ ಸೂರಿನ ಕೆಳಗಿರುವ ಮನೆಗಳಲ್ಲಿ ಮಗ್ಗ ನಿಂತ ಮೇಲೆ ಮನೆಮಂದಿಯೆಲ್ಲ ಆ ಇಕ್ಕಟ್ಟಿನಲ್ಲಿಯೇ ದಿನ ಕಳೆಯಬೇಕಾಯಿತು. ನೆಲಮಂಗಲ, ಹೊಸಕೋಟೆಗಳ ಸುತ್ತ ಕಾರ್ಖಾನೆ ಮತ್ತು ಗೋದಾಮುಗಳ ಕಾರ್ಮಿಕರು ಬಾಡಿಗೆಗೆ ಹಿಡಿದ ಒಂದೊಂದೇ ಕೋಣೆಗಳಿವೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳಿದ ಮುಂಜಾನೆಯ ನಡಿಗೆ ಇತ್ತು. ಪೊಲೀಸ್, ಸೈನ್ಯ ಎಂದು ದೈಹಿಕ ಪರೀಕ್ಷೆಗೆ ಶಾಲೆಯ ಮೈದಾನದಲ್ಲಿ ಓಡಿ ಅಭ್ಯಾಸ ಮಾಡುತ್ತಿದ್ದ ಹುಡುಗ ಹುಡುಗಿಯರಿದ್ದರು. ಹೊರಗೆ ಹೋಗಿ ನಾಲ್ಕು ಹೆಜ್ಜೆ ನಡೆಯುವುದಕ್ಕೆ ಮೊದಲೇ ಕಾರಣ ಹೇಳಬೇಕಾಗಿದ್ದ ಹೆಂಗಸರಿಗೆ ಈಗ ಆ ಕಾರಣವೂ ಇಲ್ಲವಾಯಿತು. ದುಡಿಮೆಯ ನಡಿಗೆಗೆ ಅಪ್ಪಣೆಯಿತ್ತು, ನಡಿಗೆಗಾಗಿ ನಡೆಯುವುದಕ್ಕೆ ಇರಲಿಲ್ಲ.

ನಮ್ಮ ಜನ ಅದಕ್ಕೂ ಒಂದು ಉಪಾಯ ಕಂಡುಕೊಂಡರು. ಅಂಗಡಿಗೆ ಹೋಗುವುದಕ್ಕೆ ಅಡ್ಡಿಯಿರಲಿಲ್ಲವಲ್ಲ! ಎರಡನೆಯ ಅಲೆಯಲ್ಲಿ, 2021ರ ಮೇ 10ರಿಂದ, ದಿನಸಿ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಸಮಯ ಗೊತ್ತಾಗಿತ್ತು. ಆ ನಾಲ್ಕು ಗಂಟೆಗಳಲ್ಲಿ ಕೈಚೀಲವೇ ರಹದಾರಿ. ಕೈಯಲ್ಲಿ ಖಾಲಿ ಚೀಲ ಹಿಡಿದವನು ಗಿರಾಕಿ, ಬರಿಗೈಯವನು ಅಪರಾಧಿ. ಹತ್ತಿರದ ಅಂಗಡಿಯನ್ನು ಬಿಟ್ಟು ದೂರದ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೊಂಡವರ ಮೇಲೆ ಆಮೇಲೆ ನಗೆಮಾತುಗಳು ಬಹಳ ಬಂದವು. ನಗುವಿನ ಹಿಂದೆ ಇದ್ದ ಸಂಕಟ ಮಾತ್ರ ನಿಜ. ಹಲವು ಪಟ್ಟಣಗಳಲ್ಲಿ ಜನಸಂದಣಿ ತಪ್ಪಿಸಲು ತರಕಾರಿ ಸಂತೆಗಳನ್ನು ಆಟದ ಮೈದಾನಗಳಿಗೆ ಸಾಗಿಸಿದರು. ಬಯಲು ಕ್ಷೇಮ ಎಂಬುದು ಟೊಮೇಟೊ ಮಾರುವಲ್ಲಿ ಹೊಳೆದಿತ್ತು, ಮಕ್ಕಳನ್ನು ಆಡಿಸುವಲ್ಲಿ ಹೊಳೆಯಲಿಲ್ಲ.

ಬಾಗಿಲು ಸ್ವಲ್ಪ ಸ್ವಲ್ಪವಾಗಿಯೇ ತೆರೆಯಿತು. 2020ರ ಮೇ ಮೊದಲ ವಾರದ ವರ್ಗೀಕರಣದಲ್ಲಿ ಬೆಂಗಳೂರು ಗ್ರಾಮಾಂತರವು ಕೆಂಪು ವಲಯ. ಎಲ್ಲ ವಲಯಗಳಲ್ಲಿಯೂ 65 ವರ್ಷ ಮೀರಿದವರು ಮತ್ತು 10 ವರ್ಷದೊಳಗಿನ ಮಕ್ಕಳು ತೀರ ಅಗತ್ಯವಿಲ್ಲದೆ ಹೊರಗೆ ಬರುವಂತಿರಲಿಲ್ಲ. ಅಜ್ಜ ಮತ್ತು ಮೊಮ್ಮಗ, ನಡಿಗೆಯೂ ಆಟವೂ ಹೆಚ್ಚು ಬೇಕಾದ ಇಬ್ಬರೂ ಒಂದೇ ವಾಕ್ಯದಲ್ಲಿ ಒಳಗಾದರು. ಮೇ 19ರಿಂದ ರಾಜ್ಯದಲ್ಲಿ ಉದ್ಯಾನಗಳು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7ರವರೆಗೆ ತೆರೆದವು. ಜುಲೈ 14ರ ರಾತ್ರಿಯಿಂದ 22ರ ಬೆಳಗಿನವರೆಗೆ ಬೆಂಗಳೂರು ನಗರ, ಗ್ರಾಮಾಂತರಗಳೆರಡೂ ಮತ್ತೆ ಮುಚ್ಚಿದವು. ಮರುವರ್ಷ, 2021ರ ಜೂನ್ 14ರಂದು, ಬೆಂಗಳೂರು ನಗರ ಜಿಲ್ಲೆಯ ಉದ್ಯಾನಗಳಲ್ಲಿ ಬೆಳಿಗ್ಗೆ 5ರಿಂದ 10ರವರೆಗೆ ನಡಿಗೆಗೂ ಓಟಕ್ಕೂ ಅನುಮತಿ ಸಿಕ್ಕಿತು. ಸೋಂಕಿನ ಪ್ರಮಾಣ ಇಳಿಯದ 11 ಜಿಲ್ಲೆಗಳ ಪಟ್ಟಿಯಲ್ಲಿದ್ದ ನಮ್ಮ ಗ್ರಾಮಾಂತರಕ್ಕೆ ಅಂದು ಆ ಭಾಗ್ಯವಿರಲಿಲ್ಲ. ಗಡಿಯ ಆಚೆ ಯಲಹಂಕದವರು ಉದ್ಯಾನದಲ್ಲಿ ನಡೆಯಬಹುದಾಗಿದ್ದ ಬೆಳಿಗ್ಗೆ ಈಚೆಯ ದೇವನಹಳ್ಳಿಯವರು ಇನ್ನೂ ಕಾಯಬೇಕಾಗಿತ್ತು.

ಈ ನಿಯಮಗಳೆಲ್ಲ ‘ಉದ್ಯಾನ’ ಎಂಬ ಪದವನ್ನು ಬಳಸಿದ್ದನ್ನು ಗಮನಿಸಿ. ನಮ್ಮ ಹಳ್ಳಿಗಳಲ್ಲಿ ಬೇಲಿ ಹಾಕಿ ಬೀಗ ಜಡಿಯುವ ಉದ್ಯಾನಗಳೆಲ್ಲಿವೆ? ನಮಗೆ ಇರುವುದು ಕೆರೆಯ ಏರಿ, ಗುಂಡುತೋಪು, ಶಾಲೆಯ ಮೈದಾನ, ದೇವಸ್ಥಾನದ ಮುಂದಿನ ಬಯಲು. ಅವು ಯಾವ ಆದೇಶದಲ್ಲಿಯೂ ಹೆಸರಿಲ್ಲದ ಜಾಗಗಳು. ಹೆಸರಿಲ್ಲದ್ದನ್ನು ಮುಚ್ಚುವುದು ಸುಲಭ, ತೆರೆಯುವುದು ಕಷ್ಟ.

ಬಯಲಿನ ನೆನಪು ಒಂದು ಇಲಾಖೆಗೆ ಮಾತ್ರ ಬಂದಿತು. ಅದು ನಮ್ಮ ಶಿಕ್ಷಣ ಇಲಾಖೆ ಎಂದು ಹೇಳಲು ಒಬ್ಬ ಮೇಷ್ಟರಿಗೆ ಸಂತೋಷವಾಗುವುದು ಸಹಜ. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರು ಹಳ್ಳಿಗಳಿಗೇ ಹೋಗಿ ಅರಳಿಕಟ್ಟೆ, ಮರದ ನೆರಳು, ಗುಡಿಯ ಜಗಲಿಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಮಾಡಿದರು. ಮೊಬೈಲ್ ಇಲ್ಲದ ಮನೆಗಳ ಮಕ್ಕಳಿಗೆ ಅದೇ ಶಾಲೆ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದು ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮರುವರ್ಷದ ಜನವರಿಯಲ್ಲಿ ಅದು ಶಾಲೆಯ ಆವರಣದಲ್ಲಿ ಮುಂದುವರಿಯಿತು. ಬಯಲು ಎಂದರೆ ಸೋಂಕೇ ಇಲ್ಲ ಎಂದಲ್ಲ, ಅಲ್ಲಿಯೂ ಎಚ್ಚರ ಬೇಕು ಎಂಬ ಪಾಠವನ್ನು ಅದು ಕಲಿಸಿತು.

ಆಡಳಿತಗಾರರ ಕಷ್ಟವನ್ನೂ ನ್ಯಾಯವಾಗಿ ತೂಗಬೇಕು. 2020ರ ಮಾರ್ಚ್‌ನಲ್ಲಿ ಈ ಹೊಸ ರೋಗದ ನಡೆ ಯಾರಿಗೂ ಸ್ಪಷ್ಟವಾಗಿರಲಿಲ್ಲ. ನಡಿಗೆಗೆ ಬಿಟ್ಟರೆ ಹರಟೆಯ ಗುಂಪು ಕೂಡುತ್ತದೆಂಬ ಭಯವೂ ಸುಳ್ಳಲ್ಲ. ಆಸ್ಪತ್ರೆಗಳ ಹಾಸಿಗೆಗಳು ಸಾಲದೆ ಹೋದ 2021ರ ಏಪ್ರಿಲ್, ಮೇ ತಿಂಗಳುಗಳನ್ನು ಕಂಡ ಯಾರೂ ನಿರ್ಬಂಧಗಳೇ ಬೇಡವಾಗಿದ್ದವು ಎನ್ನಲಾರರು. ಆದರೆ ತಿಳಿವಳಿಕೆ ಬೆಳೆದಂತೆ ನಿಯಮವೂ ಬೆಳೆಯಬೇಕು. ಗಾಳಿಯಾಡದ ಒಳಾಂಗಣದಲ್ಲಿ ಅಪಾಯ ಹೆಚ್ಚು, ತೆರೆದ ಗಾಳಿಯಲ್ಲಿ ಕಡಿಮೆ ಎಂಬುದು ಆ ವೇಳೆಗೆ ತಿಳಿದ ಸಂಗತಿಯಾಗಿತ್ತು. ಕಿಟಕಿ ಬಾಗಿಲು ತೆರೆದಿಡಿ ಎಂದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೇ 2021ರ ಮೇ ತಿಂಗಳಲ್ಲಿ ಪ್ರಕಟಣೆ ಹೊರಡಿಸಿತು. ಸುಮಾರು 120 ವರ್ಷಗಳ ಹಿಂದೆ ಸೂರು ಬಿಚ್ಚಿ ಬಿಸಿಲು ಬಿಟ್ಟವರ ಮೊಮ್ಮಕ್ಕಳ ಮಕ್ಕಳಿಗೆ ಗಾಳಿಯ ಮಹಿಮೆಯನ್ನು ಹೊಸದಾಗಿ ಹೇಳಬೇಕಾಯಿತು!

ಪ್ಲೇಗು ಮತ್ತು ಕೋವಿಡ್ ಬೇರೆ ಬೇರೆ ರೋಗಗಳು. ಒಂದರ ಮದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಆದರೂ ಎರಡನ್ನೂ ಒಟ್ಟಿಗೆ ಓದಿದಾಗ ಒಂದು ಮಾತು ತಿಳಿಯುತ್ತದೆ. ಪಿಡುಗಿನ ಕಾಲದ ನಿಯಮ ರೋಗವನ್ನಷ್ಟೇ ಅಳೆಯುವುದಿಲ್ಲ. ಮನುಷ್ಯನಿಗೆ ಯಾವುದು ಅಗತ್ಯ, ಯಾವುದು ಅಲ್ಲ ಎಂಬುದನ್ನೂ ಅದು ತೀರ್ಮಾನಿಸುತ್ತದೆ. 2020ರಲ್ಲಿ ದುಡಿಮೆ ಅಗತ್ಯವೆನಿಸಿತು, ಕೊಳ್ಳುವುದು ಅಗತ್ಯವೆನಿಸಿತು. ಬೆಳಗಿನ ಗಾಳಿಯಲ್ಲಿ ಅರ್ಧ ಗಂಟೆ ನಡೆಯುವುದು ಶೋಕಿಯ ಸಾಲಿಗೆ ಸೇರಿತು. ಮುಂದೆ ಇಂಥ ಕಾಲ ಬಾರದಿರಲಿ. ಬಂದರೆ, ಬರೆಯುವ ಮೊದಲ ಆದೇಶದಲ್ಲಿಯೇ ಕೆರೆಯ ಏರಿಗೂ ಶಾಲೆಯ ಮೈದಾನಕ್ಕೂ ಒಂದು ಸಾಲು ಇರಲಿ: ಇಷ್ಟು ಹೊತ್ತು, ಇಷ್ಟು ಅಂತರದಲ್ಲಿ, ಒಬ್ಬೊಬ್ಬರಾಗಿ ನಡೆಯಬಹುದು ಎಂದು.

ಆ ಸಾಲು ಬರೆಯುವ ಸ್ಥಾನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಕುಳಿತಿದ್ದೀರಿ. ಪಂಚಾಯಿತಿಯಲ್ಲಿ, ಕಂದಾಯ ಇಲಾಖೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಇದ್ದೀರಿ. ಉಳಿದವರು, ಬಂಧುಗಳು, ಇನ್ನೊಂದು ಕೆಲಸ ಮಾಡಬಹುದು. ನಿಮ್ಮ ನಿಮ್ಮ ಊರಿನಲ್ಲಿ ಪ್ಲೇಗಿನ ಗುಡಿಸಲುಗಳು ಯಾವ ತೋಪಿನಲ್ಲಿದ್ದವು ಎಂದು ಹೇಳಬಲ್ಲ ಹಿರಿಯರು ಇನ್ನು ಹೆಚ್ಚು ಮಂದಿ ಉಳಿದಿಲ್ಲ. ಅವರನ್ನು ಕೇಳಿ ಬರೆದಿಡಿ. ಅದರ ಪಕ್ಕದಲ್ಲಿಯೇ 2020ರಲ್ಲಿ ನಿಮ್ಮ ಮನೆಯ ಯಾರು ಎಷ್ಟು ದಿನ ಹೊಸ್ತಿಲು ದಾಟಲಿಲ್ಲ ಎಂಬುದನ್ನೂ ಬರೆಯಿರಿ. ನಾಳೆಯ ಮಕ್ಕಳು ಓದಬೇಕಾದ ಪಾಠ ಆ ಎರಡು ಪುಟಗಳ ನಡುವೆ ಇದೆ.