ಬೆಟ್ಟದ ಡಾಕ್ಟ್ರು, ಪೋಡಿನ ಗ್ರಾಮಸಭೆ

ನಮ್ಮ ಸೀಮೆಗೆ ಆಡಳಿತ ಯಾವತ್ತೂ ದೂರದಿಂದಲೇ ಬಂದಿತು. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಯದು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಊರು. ಹನೂರು ತಾಲ್ಲೂಕಾದದ್ದು ನಿನ್ನೆ ಮೊನ್ನೆ. ಚಾಮರಾಜನಗರ ಜಿಲ್ಲೆಯಾಗುವವರೆಗೆ, ಅಂದರೆ 1997ರ ತನಕ, ಒಂದು ಅರ್ಜಿ ಹಿಡಿದು ಮೈಸೂರಿಗೆ ಹೋಗಬೇಕಿತ್ತು. ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನ ಸೋಲಿಗರಿಗಂತೂ ಸರ್ಕಾರ ಎಂದರೆ ಕಾಡಿನ ಗಾರ್ಡು, ಅಷ್ಟೇ.

ಆ ಬೆಟ್ಟಕ್ಕೆ 1980ರ ಹೊತ್ತಿಗೆ ಡಾ. ಎಚ್. ಸುದರ್ಶನ್ ಬಂದರು. ಬೆಂಗಳೂರಿನ ಯಮಲೂರಿನವರು, 1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನಿಂದ ಎಂಬಿಬಿಎಸ್ ಮುಗಿಸಿ ರಾಮಕೃಷ್ಣ ಮಿಷನ್ನಿನ ಸೇವೆಯಲ್ಲಿ ಊರೂರು ಸುತ್ತಿದವರು. ಗುಡಿಸಲಲ್ಲಿ ಚಿಕಿತ್ಸೆ ಶುರುವಾಯಿತು. ಕರಡಿ ಪರಚಿದವರು, ಹಾವು ಕಚ್ಚಿದವರು, ಜ್ವರದವರು ಬಂದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. ಆಸ್ಪತ್ರೆಯ ಜೊತೆಗೇ ಶಾಲೆಯೂ ಬೆಳೆಯಿತು.

ಸುದರ್ಶನ್ ಮತ ಕೇಳಿ ಗೆದ್ದ ನಾಯಕರಲ್ಲ. ಆದರೂ ಈ ಭಾಗದ ಸ್ಥಳೀಯ ಆಡಳಿತದ ಚರಿತ್ರೆ ಬರೆಯುವವರು ಅವರನ್ನು ಬಿಟ್ಟು ಬರೆಯಲಾಗದು ಎಂಬುದು ನನ್ನ ಗಟ್ಟಿ ನಂಬಿಕೆ.

ಅದು ನನಗೆ ಮೊದಲು ಮನವರಿಕೆಯಾದದ್ದು ಕುಷ್ಠರೋಗದಿಂದ. ಎಂಬತ್ತರ ದಶಕದಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಸಾವಿರ ಜನರಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಆ ಕಾಯಿಲೆ ಇತ್ತು. ನಮ್ಮ ಸೋದರತ್ತೆಗೆ ಬೆನ್ನ ಮೇಲೆ ತಿಳಿ ಮಚ್ಚೆ ಬಂದಾಗ ಅವರ ತಟ್ಟೆ ಲೋಟ ಹಟ್ಟಿಯ ಹೊರಗೆ ಬಂದವು. 1986ರಲ್ಲಿ ಸುದರ್ಶನ್ ಕರುಣಾ ಟ್ರಸ್ಟ್ ಆರಂಭಿಸಿದ ಮೇಲೆ ಮನೆ ಮನೆಗೆ ಕಾರ್ಯಕರ್ತರು ಬಂದರು. ಒಬ್ಬರು ಜಗಲಿಯ ಮೇಲೆ ಅತ್ತೆಯನ್ನು ಕೂರಿಸಿ, “ಕಣ್ ಮುಚ್ಕಳವ್ವ, ಎಲ್ಲಿ ಮುಟ್ದೆ ಅಂತ ಬೆಟ್ಟು ಮಡಗಿ ತೋರ್ಸು” ಎಂದರು. ಪೆನ್ನಿನ ತುದಿ ಹೆಗಲಿಗೆ ತಾಕಿದಾಗ ಅತ್ತೆಯ ಕೈ ಸರಿಯಾಗಿ ಅಲ್ಲಿಗೇ ಹೋಯಿತು. ಮಚ್ಚೆಗೆ ತಾಕಿದಾಗ ಕೈ ಎದ್ದೇಳಲಿಲ್ಲ. ತಿಂಗಳಿಗೊಂದು ಮಾತ್ರೆಯ ಪಟ್ಟಿ. ತಿಂಗಳ ಮೊದಲ ಡೋಸನ್ನು ಕಾರ್ಯಕರ್ತರ ಕಣ್ಣೆದುರೇ ನುಂಗಬೇಕು. ಅಂದು ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿಟ್ಟಿದ್ದರು. ಮಚ್ಚೆ ಮಾಸಿತು, ತಟ್ಟೆ ಒಳಗೆ ಬಂತು. ಮುಂದೆ ತಾಲ್ಲೂಕಿನ ಲೆಕ್ಕ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಅದೇ ಕಾಲಕ್ಕೆ, 1987ರಲ್ಲಿ, ರಾಜ್ಯದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ ನಡೆಯಿತು. ಅದರ ಹಿಂದಿದ್ದ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ನಮ್ಮ ಪಕ್ಕದ ಗುಂಡ್ಲುಪೇಟೆಯವರೇ. ಅಧಿಕಾರ ಊರಿಗೆ ಇಳಿಯಿತು, ಆದರೆ ಊರ ಆಸ್ಪತ್ರೆಯ ಬಾಗಿಲಿಗೆ ಬೀಗವಿದ್ದರೆ ಯಾರನ್ನು ಕೇಳಬೇಕು ಎಂಬುದು ಜನಕ್ಕೆ ಗೊತ್ತಿರಲಿಲ್ಲ. 1996ರಲ್ಲಿ ಬೆಟ್ಟದ ದಾರಿಯ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಕರುಣಾ ಟ್ರಸ್ಟಿನ ಕೈಗೆ ಕೊಟ್ಟಿತು. ಕಟ್ಟಡ ಸರ್ಕಾರದ್ದು, ಅನುದಾನ ಸರ್ಕಾರದ್ದು, ನಡೆಸುವ ಹೊಣೆ ಟ್ರಸ್ಟಿನದು. ಅಲ್ಲಿ ಕಲಿತ ಪಾಠವೇ ಮುಂದೆ ಅರುಣಾಚಲ ಪ್ರದೇಶದ ಆರೋಗ್ಯ ಕೇಂದ್ರಗಳವರೆಗೂ ಹೋಯಿತು.

1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ ಬಂತು. ನನ್ನ ಕಣ್ಣಿಗೆ ಅವಕ್ಕಿಂತ ದೊಡ್ಡದು ಅವರ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ. ಆರೋಗ್ಯ ಇಲಾಖೆಯ ರೋಗಗಳಲ್ಲಿ ಲಂಚವೂ ಒಂದು ಎಂದು ಆ ವರದಿ ನೇರವಾಗಿ ಬರೆಯಿತು. ಬಳಿಕ ಅವರು ಲೋಕಾಯುಕ್ತದಲ್ಲಿ ಆರೋಗ್ಯ ವಿಚಾರದ ಜಾಗೃತ ನಿರ್ದೇಶಕರಾಗಿ, ಬರೆದ ಮಾತನ್ನೇ ಕೆಲಸ ಮಾಡಿ ತೋರಿಸಿದರು.

ಬೆಟ್ಟದ ಮೇಲಿನ ಕಥೆಯನ್ನು ಮುಂದುವರಿಸಿದವರು ಸೋಲಿಗರೇ. 1974ರಲ್ಲಿ ಕಾಡು ವನ್ಯಧಾಮವಾಗಿ ಅವರ ಬೇಸಾಯ ನಿಂತಿತ್ತು. ಆಮೇಲೆ ಜೇನು, ನೆಲ್ಲಿ, ಅಂಟುವಾಳ, ಸೀಗೆ ತಂದು ಮಾರುವುದಕ್ಕೂ ತಡೆ ಬಿತ್ತು. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ, ಹಾಗಾಗಿ ಬುಡಕಟ್ಟು ಪ್ರದೇಶಗಳ ಪಂಚಾಯತ್ ಕಾನೂನು ಇಲ್ಲಿ ನಡೆಯದು. ದಾರಿ ತೆರೆದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಪೋಡು ಎಂದರೆ ಸೋಲಿಗರ ಹಾಡಿ; ಪೋಡು ಪೋಡಿನಲ್ಲಿ ಗ್ರಾಮಸಭೆ ಸೇರಿತು. ಪೋಡಿನಲ್ಲಿ ಹುಟ್ಟಿ ಪಿಎಚ್‌.ಡಿ. ಪಡೆದ ಸಿ. ಮಾದೇಗೌಡರಂಥವರು ಮುಂದೆ ನಿಂತರು. ಹಿರಿಯರು ತಮ್ಮ ಯೆಲ್ಲೆಯ, ಅಂದರೆ ಕುಲದ ನೆಲದ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳ ಜಾಗ ತೋರಿಸಿದರು. ಅವು ನಕ್ಷೆಗೆ ಏರಿದವು. 2011ರಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಮೀಸಲಿನ ಒಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು ಸಿಕ್ಕಿದ್ದು ಇಲ್ಲಿ.

ಕೊಳ್ಳೇಗಾಲ, ಹನೂರು, ಯಳಂದೂರಿನ ಓದುಗರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಗ್ರಾಮಸಭೆಯನ್ನು ತಪ್ಪಿಸಬೇಡಿ. ಚರಂಡಿ, ಬೀದಿ ದೀಪದ ಮಾತು ಮುಗಿದ ಮೇಲೆ ಎದ್ದು ನಿಂತು, ನಮ್ಮೂರ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡಿಸಲು ನರ್ಸ್ ಇದ್ದಾರೆಯೇ, ಹಾವು ಕಡಿತದ ಔಷಧಿ ಇದೆಯೇ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಹೋಗಿ.