ಆರ್ಕಿಡ್‌ಗಳಿಗೆ ಗೊಬ್ಬರ: ಸೇಡಂ–ಚಿಂಚೋಳಿ ಸೀಮೆಯ ಮನೆಗಳಲ್ಲಿ

ಮನೆಯಲ್ಲಿ ಬೆಳೆಸುವ ಆರ್ಕಿಡ್‌ಗಳಿಗೆ ಯಾವ ಗೊಬ್ಬರವನ್ನು ಎಷ್ಟು, ಯಾವಾಗ ಕೊಡಬೇಕೆಂಬುದರ ವಿವರಣೆ ಇದು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳಲ್ಲಿ ಈ ಲೆಕ್ಕವನ್ನು ನೀರಿನಿಂದ ಶುರುಮಾಡಬೇಕು. ಗೊಬ್ಬರದ ಪೊಟ್ಟಣ ಆಮೇಲಿನ ಮಾತು. ಕಾಗಿಣಾ ನದಿ ಹರಿಯುವ ಈ ಸೀಮೆಯ ಬಹುಭಾಗದ ಅಡಿಯಲ್ಲಿ ಭೀಮಾ ಶಿಲಾಸಮೂಹದ ಸುಣ್ಣಕಲ್ಲು ಹಾಸಿಕೊಂಡಿದೆ. ಶಹಾಬಾದಿನ ಫರ್ಸಿ ಕಲ್ಲು ಬರುವುದು ಅದರಿಂದ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕಾರ್ಖಾನೆಗಳು ನಿಂತಿರುವುದೂ ಅದರ ಮೇಲೆಯೇ. ಆ ಕಲ್ಲಿನ ಸಂದುಗಳಲ್ಲಿ ಹಾಯ್ದು ಬಂದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಹಂಡೆಯ ಒಳಮೈಗೂ ನಲ್ಲಿಯ ಬಾಯಿಗೂ ಕಟ್ಟುವ ಬಿಳಿ ಪೊರೆ ಅದರ ಗುರುತು.

ಅಂಗಡಿಯಲ್ಲಿ ಸಿಗುವ ಡೆಂಡ್ರೋಬಿಯಂ, ಫೆಲನಾಪ್ಸಿಸ್, ವಾಂಡಾಗಳು ಮರದ ತೊಗಟೆಯನ್ನು ಆತುಕೊಂಡು ಬೆಳೆಯುವ ಕುಲದವು. ಮಲೆನಾಡಿನ ಸೀತಾಳೆ ದಂಡೆಯದೂ ಇದೇ ಜೀವನಕ್ರಮ. ಇವು ಮರದ ರಸ ಹೀರುವುದಿಲ್ಲ. ಬದನಿಕೆಯ ಜೊತೆ ಇವನ್ನು ಸೇರಿಸುವುದು ತಪ್ಪು. ಕೊಂಬೆಯ ಮೇಲಿನಿಂದ ಇಳಿಯುವ ಮಳೆನೀರು, ಕೊಳೆತ ಎಲೆ, ಹಕ್ಕಿಯ ಹಿಕ್ಕೆ, ಇಷ್ಟರಲ್ಲಿ ಸಿಗುವ ಚೂರುಪಾರು ಲವಣವೇ ಇವುಗಳ ಆಹಾರ. ಬೇರಿನ ಮೇಲಿರುವ ಸ್ಪಂಜಿನಂಥ ಬಿಳಿ ಹೊದಿಕೆ ನೀರನ್ನು ಕೆಲವೇ ನಿಮಿಷಗಳಲ್ಲಿ ಹೀರಿ ಹಿಡಿದಿಡುತ್ತದೆ. ಒಣಗಿದಾಗ ಬೆಳ್ಳಗೆ, ನೆನೆದಾಗ ಹಸಿರಾಗಿ ಕಾಣುವ ಈ ಹೊದಿಕೆ ಲವಣವನ್ನೂ ಹಾಗೆಯೇ ಹಿಡಿದಿಡುವುದರಿಂದ ಗೊಬ್ಬರ ತೆಳುವಾಗಿರಬೇಕು, ಒಣಬೇರಿಗೆ ಎಂದೂ ಬೀಳಬಾರದು. ಮೊದಲು ಬರಿ ನೀರು, ಬೇರು ಹಸಿರಾದ ಮೇಲೆ ಗೊಬ್ಬರದ ನೀರು.

ತೊಗರಿಯ ನಾಡಿನವರಿಗೆ ಇಲ್ಲಿ ಕೈ ತಪ್ಪುವ ಸಂಭವ ಹೆಚ್ಚು. ರಾಯಚೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶಗಳ ಮಿಶ್ರಣವನ್ನು ತೊಗರಿ ಹೂಬಿಡುವಾಗ ಲೀಟರಿಗೆ 10 ಗ್ರಾಂನಂತೆ ಸಿಂಪಡಿಸುತ್ತಾರೆ. ಹೊಲಕ್ಕೆ ಅದು ಸರಿ. ಅದೇ ಅಂದಾಜಿನಲ್ಲಿ ಆರ್ಕಿಡ್‌ಗೆ ಗೊಬ್ಬರ ಕಲಸಿದರೆ ಬೇರಿನ ತುದಿಗಳು ಸುಟ್ಟುಹೋಗುತ್ತವೆ. ಆರ್ಕಿಡ್‌ಗೆ ಬೇಕಾದದ್ದು ಅದರ ಇಪ್ಪತ್ತರಲ್ಲಿ ಒಂದು ಪಾಲು.

ಲೆಕ್ಕ ಹೀಗೆ. ಗೊಬ್ಬರದಂಗಡಿಗಳಲ್ಲಿ ಸುಲಭವಾಗಿ ಸಿಗುವ, ನೀರಿನಲ್ಲಿ ಕರಗುವ 19:19:19 ಅನ್ನು ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 95 ಮಿಲಿಗ್ರಾಂ ಸಾರಜನಕ ಸಿಗುತ್ತದೆ. ಬೆಳೆದ ಗಿಡಕ್ಕೆ ವಾರಕ್ಕೊಮ್ಮೆ ಇಷ್ಟು ಸಾಕು. ಚಹಾ ಚಮಚದ ಲೆಕ್ಕದಲ್ಲಿ, ಹತ್ತು ಲೀಟರ್ ನೀರಿಗೆ ಮಟ್ಟಸವಾದ ಒಂದು ಚಮಚ. ಎಳೆಯ ಸಸಿಗೆ ಇದರ ಅರ್ಧ. ಹೊಸದಾಗಿ ಕುಂಡ ಬದಲಿಸಿದ ಗಿಡಕ್ಕೆ ಹೊಸ ಬೇರು ಕಾಣುವವರೆಗೆ ಏನೂ ಬೇಡ. ಬುಟ್ಟಿಯಲ್ಲಿ ಬರಿಬೇರಾಗಿ ತೂಗುವ ವಾಂಡಾಕ್ಕೆ ಲೀಟರಿಗೆ ಕಾಲು ಗ್ರಾಂನ ದ್ರಾವಣವನ್ನು ವಾರಕ್ಕೆರಡು ಸಲ ಸಿಂಪಡಿಸುವುದು ಮೇಲು.

30:10:10 ಗೊಬ್ಬರವೇ ಬೇಕೆಂಬ ಸಲಹೆ ತೊಗಟೆ ಚೂರಿನಲ್ಲಿ ಬೆಳೆಸುವವರ ಕಡೆಯಿಂದ ಬಂದದ್ದು. ಕೊಳೆಯುವ ತೊಗಟೆಯಲ್ಲಿನ ಸೂಕ್ಷ್ಮಜೀವಿಗಳು ಸಾರಜನಕದ ಒಂದು ಪಾಲನ್ನು ತಾವೇ ಬಳಸಿಕೊಳ್ಳುತ್ತವೆ. ಇದ್ದಿಲು, ಇಟ್ಟಿಗೆ ಚೂರಿನ ಕುಂಡಕ್ಕೆ ಆ ಕಾರಣವಿಲ್ಲ. ಹೂವಿಗೆಂದು ರಂಜಕ ತುಂಬಿದ ಗೊಬ್ಬರ ಮಾರುವುದೂ ಹೆಚ್ಚಾಗಿ ವ್ಯಾಪಾರದ ಮಾತು. ಫೆಲನಾಪ್ಸಿಸ್ ಹೂದಂಟು ಬಿಡುವುದು ಮುಖ್ಯವಾಗಿ ತಂಪಿನಿಂದ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಕರಗಿದ ಲವಣದ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲ ಇಲ್ಲದಿದ್ದಲ್ಲಿ 2000ದವರೆಗೆ. ಮನುಷ್ಯರು ಕುಡಿಯಬಹುದಾದ ನೀರೆಲ್ಲ ಆರ್ಕಿಡ್‌ಗೆ ಸಲ್ಲುವುದಿಲ್ಲ. ಬರಿ ನೀರೇ 500 ಮುಟ್ಟಿದ್ದರೆ ಗೊಬ್ಬರಕ್ಕೆ ಅವಕಾಶ ಉಳಿಯಲಿಲ್ಲ. 200ರ ಒಳಗಿದ್ದರೆ ಅರ್ಧ ಗ್ರಾಂ, ನಡುವೆ ಇದ್ದರೆ ಕಾಲು ಗ್ರಾಂ. 500ಕ್ಕೂ ಮೇಲಾದರೆ ಮೂರು ಪಾಲು ಮಳೆನೀರಿಗೆ ಒಂದು ಪಾಲು ಬೋರಿನ ನೀರು ಬೆರೆಸಿಕೊಳ್ಳಬೇಕು. ಬೋರಿನಿಂದ ಬೋರಿಗೆ ವ್ಯತ್ಯಾಸ ಇರುವುದರಿಂದ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರೊಂದು ಮನೆಯಲ್ಲಿರುವುದು ಒಳ್ಳೆಯದು. ಆದರೆ ಅದನ್ನು ಗೊಬ್ಬರ ಅಳೆಯಲು ನಂಬಬಾರದು: 19:19:19ರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿದೆ, ಯೂರಿಯಾ ಆ ಮೀಟರಿಗೆ ಕಾಣುವುದೇ ಇಲ್ಲ.

ಮಳೆನೀರಿಗೆ ಬೋರಿನ ನೀರು ಬೆರೆಸುವುದರಲ್ಲಿ ಇನ್ನೊಂದು ಅನುಕೂಲವಿದೆ. ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಆ ಒಂದು ಪಾಲು ಬೋರಿನ ನೀರಿನಲ್ಲೇ ಬರುತ್ತದೆ. ಕ್ಯಾಲ್ಸಿಯಂ ಟಾನಿಕ್ಕಿನ ಬಾಟಲಿಗೆ ಈ ಊರುಗಳಲ್ಲಿ ದುಡ್ಡು ಹಾಕುವುದು ದಂಡ. ಬರೀ ಆರ್‌ಒ ನೀರನ್ನೋ ಮಳೆನೀರನ್ನೋ ಬಳಸುವವರು ಮಾತ್ರ ತಿಂಗಳಿಗೊಮ್ಮೆ ಕ್ಯಾಲ್ಸಿಯಂ ನೈಟ್ರೇಟನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕೊಡಬೇಕು. ಅಂದು 19:19:19 ಬೇಡ. ಎರಡನ್ನೂ ಗಟ್ಟಿಯಾಗಿ ಒಟ್ಟಿಗೆ ಕಲಸಿದರೆ ಕ್ಯಾಲ್ಸಿಯಂ ರಂಜಕದೊಡನೆ ಕೂಡಿ ತಳಕ್ಕೆ ಕೂರುತ್ತದೆ. ಬರಿ ಬೋರಿನ ನೀರು ಹಾಕುತ್ತ ಬಂದ ಕುಂಡದಲ್ಲಿ ಕ್ಷಾರ ಏರಿ ಬೇರಿಗೆ ಕಬ್ಬಿಣ ದಕ್ಕುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದನ್ನು ಹಸಿವೆಂದು ತಿಳಿದು ಮತ್ತಷ್ಟು ಗೊಬ್ಬರ ಹಾಕುವವರೇ ಹೆಚ್ಚು. ಮದ್ದು ನೀರನ್ನು ಬದಲಿಸುವುದು.

ಮಾಳಿಗೆಯಿಂದ ಮಳೆನೀರು ಹಿಡಿಯುವವರು ಮೊದಲ ಎರಡು ಮಳೆಗಳನ್ನು ಹರಿಯಬಿಡಬೇಕು. ಕಾರ್ಖಾನೆಗಳ ಹತ್ತಿರದ ಓಣಿಗಳಲ್ಲಿ ಬೇಸಿಗೆಯುದ್ದಕ್ಕೂ ಕೂತ ಸಿಮೆಂಟು ಧೂಳು ಕ್ಷಾರದ್ದು. ಎಲೆಯ ಮೇಲಿನ ಧೂಳನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕು.

ಕಾಲಕ್ಕೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫರ್ಸಿ ಹಾಸಿದ ಮಾಳಿಗೆ ರಾತ್ರಿಯವರೆಗೂ ಕಾದಿರುತ್ತದೆ. ಆಗ ಬೆಳವಣಿಗೆ ನಿಲ್ಲುತ್ತದೆ, ನೀರು ಆರಿ ಲವಣ ಕುಂಡದಲ್ಲೇ ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಕಾಲು ಗ್ರಾಂ, ಅದೂ ಬೆಳಗಿನ ತಂಪಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೆಂಡ್ರೋಬಿಯಂ ಹೊಸ ಕೋಲು ಹಾಕುವ ಕಾಲ. ಪೂರ್ತಿ ಪ್ರಮಾಣ ಕೊಡಬೇಕಾದದ್ದು ಆಗ. ಕೋಲು ಬಲಿತ ಮೇಲೆ ಕಡಿಮೆ ಮಾಡುತ್ತ ಚಳಿಗಾಲದಲ್ಲಿ ತಿಂಗಳಿಗೊಮ್ಮೆಗೆ ಇಳಿಸಬಹುದು. ಯಾವ ಕಾಲವಾದರೂ ತಿಂಗಳಿಗೊಂದು ದಿನ ಕುಂಡದ ಎರಡರಷ್ಟು ಮಳೆನೀರನ್ನು ಮೇಲಿನಿಂದ ಸುರಿದು ಕೂಡಿದ ಲವಣ ತೊಳೆಯಬೇಕು. ಕುಂಡದ ಅಂಚಿನಲ್ಲಿ ಬಿಳಿ ಪುಡಿ, ಎಲೆಯ ತುದಿ ಕಪ್ಪು, ಬೇರಿನ ತುದಿ ಕಂದು, ಇವು ಗೊಬ್ಬರ ಹೆಚ್ಚಾದ ಲಕ್ಷಣಗಳು. ಎಲೆ ಕಡು ಹಸಿರಾಗಿ ಹೂವೇ ಇಲ್ಲದಿದ್ದರೆ ಸಾರಜನಕ ಹೆಚ್ಚಿರಬಹುದು, ಬೆಳಕು ಸಾಲದೆಯೂ ಇರಬಹುದು.

ಶೇಂಗಾ ಹಿಂಡಿ ನೆನೆಸಿದ ನೀರು, ಸಗಣಿ ಬಗ್ಗಡ ಹಾಕುವವರೂ ಇದ್ದಾರೆ. ಚೆನ್ನಾಗಿ ಕಳಿತು, ಸೋಸಿ, ಬಹಳ ತೆಳುವಾಗಿಸಿದರೆ ವಾಂಡಾಕ್ಕೆ ಒಗ್ಗೀತು. ಫೆಲನಾಪ್ಸಿಸ್ ಕುಂಡದಲ್ಲಿ ಅದು ಕೊಳೆ, ನೊಣ ಎರಡನ್ನೂ ಕರೆಯುತ್ತದೆ. ಅಕ್ಕಿ ತೊಳೆದ ನೀರಿನಿಂದ ಹೇಳಿಕೊಳ್ಳುವಂಥ ಪೋಷಣೆ ಸಿಗುವುದಿಲ್ಲ.

ಹತ್ತು ಕುಂಡಗಳಿಗೆ ವಾರಕ್ಕೆ ಎರಡು ಲೀಟರ್ ದ್ರಾವಣ ಸಾಕು. ಅಂದರೆ ವಾರಕ್ಕೆ ಒಂದು ಗ್ರಾಂ, ವರ್ಷಕ್ಕೆ ಹೆಚ್ಚೆಂದರೆ 50 ಗ್ರಾಂ. ಒಂದು ಕಿಲೋ ಪೊಟ್ಟಣ ತಂದಿದ್ದರೆ ಮಿಕ್ಕದ್ದು ಹೊಲಕ್ಕೆ ಹೋಗಲಿ.