ಕಪಿಲೆಯಿಂದ ಗಾಳಿಯಂತ್ರದವರೆಗೆ: ಚಿತ್ರದುರ್ಗ ಸೀಮೆಯ ಶಕ್ತಿಚರಿತ್ರೆಯ ಕೆಲವು ನೆಲೆಗಳು

'ಶಕ್ತಿ' ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಬಾಳುವೆಗಳಿವೆ. ಶಾಲೆಯ ವಿಜ್ಞಾನ ಪಠ್ಯದಲ್ಲಿ ಅದು ಕೆಲಸ ಮಾಡುವ ಸಾಮರ್ಥ್ಯ. ಜೂಲ್ ಎಂಬ ಮಾನದಿಂದ ಅಳೆಯತಕ್ಕದ್ದು. ಊರ ಗಡಿಯ ಗುಡಿಯಲ್ಲಿ ಅದು ಮಾರಮ್ಮ, ದುರ್ಗವ್ವ. ಇವೆರಡರ ನಡುವೆ ಮೂರನೆಯದೊಂದು ಪದವಿದೆ: 'ಕಸುವು'. ಎತ್ತಿನ ಕಸುವು, ಮಣ್ಣಿನ ಕಸುವು, ತೋಳಿನ ಕಸುವು ಎಂದು ದುಡಿಯುವ ಜನ ಬಳಸುವ ಈ ಮಾತು ಭೌತವಿಜ್ಞಾನದ ಕಲ್ಪನೆಗೆ ಬಹಳ ಹತ್ತಿರದ್ದು. ಆದರೂ ನಮ್ಮ ಜಾನಪದ ಅಧ್ಯಯನಗಳು ಮೊದಲಿನ ಎರಡು ಅರ್ಥಗಳಿಗೆ ಕೊಟ್ಟ ಗಮನವನ್ನು ಕಸುವಿಗೆ ಕೊಟ್ಟಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಈ ಸೀಮೆಯ ಜನ ಕಸುವನ್ನು ಹೇಗೆ ಪಡೆದರು, ಹೇಗೆ ಅಳೆದರು, ವಿದ್ಯುತ್ತು ಬಂದ ಮೇಲೆ ಏನು ಬದಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎತ್ತಿನ ಕಸುವು

ಮಳೆ ಕಡಿಮೆ ಇರುವ ಈ ಬಯಲುಸೀಮೆಯಲ್ಲಿ ಬೇಸಾಯದ ಮೊದಲ ಪ್ರಶ್ನೆಯೇ ನೀರನ್ನು ಮೇಲೆತ್ತುವುದು. ಅದಕ್ಕೆ ಜನ ಕಂಡುಕೊಂಡ ಸಾಧನ ಕಪಿಲೆ. ಬಾವಿಯ ದಡದಿಂದ ಹಿಂದಕ್ಕೆ ಇಳಿಜಾರಾದ ದಾರಿ. ಬಾವಿಯ ಮೇಲೆ ರಾಟೆ. ರಾಟೆಯ ಮೇಲೆ ಹಾಯ್ದ ಹಗ್ಗದ ಒಂದು ತುದಿಗೆ ತೊಗಲಿನ ಚೀಲ, ಇನ್ನೊಂದು ತುದಿಗೆ ಎತ್ತಿನ ನೊಗ. ಎತ್ತುಗಳು ಇಳಿಜಾರಿನಲ್ಲಿ ಕೆಳಗಿಳಿದಾಗ ಚೀಲ ಮೇಲೇರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದಾರಿಯನ್ನು ಇಳಿಜಾರು ಮಾಡಿದ್ದು ಆಕಸ್ಮಿಕವಲ್ಲ. ಎಳೆಯುವ ಬಲಕ್ಕೆ ಎತ್ತಿನ ಮೈಭಾರವೂ ಸೇರಲಿ ಎಂಬ ಲೆಕ್ಕಾಚಾರ ಅದರಲ್ಲಿದೆ. ಹಿಂದಕ್ಕೆ ಬರುವಾಗ ಎತ್ತು ತನ್ನ ಮೈಯನ್ನು ಮಾತ್ರ ಮೇಲೇರಿಸುತ್ತದೆ. ಚೀಲ ಆಗ ಬರಿದಾಗಿರುತ್ತದೆ. ಹೊರೆ ಇರುವಾಗ ಇಳಿಯುವುದು, ಹೊರೆ ಇಲ್ಲದಾಗ ಏರುವುದು ಎಂಬ ಈ ಹಂಚಿಕೆ ಶಕ್ತಿಯ ರೂಪಾಂತರವನ್ನು ಕುರಿತ ಪಾಠವೇ ಆಗಿದೆ.

ಇದನ್ನು ಅಂಕಿಗಳಲ್ಲಿಯೂ ನೋಡಬಹುದು. ಉದಾಹರಣೆಗೆ, ಒಂದು ಚೀಲದಲ್ಲಿ 150 ಲೀಟರು ನೀರು ಹಿಡಿಯುತ್ತದೆ, ನೀರು 10 ಮೀಟರು ಆಳದಲ್ಲಿದೆ ಎಂದಿಟ್ಟುಕೊಳ್ಳೋಣ. ಒಂದು ಎಳೆತಕ್ಕೆ ಬೇಕಾದ ಶಕ್ತಿ ಸುಮಾರು 14,700 ಜೂಲ್. ಇಂದು ನಾವು ಒಂದು 'ಯೂನಿಟ್' ಎನ್ನುವ ವಿದ್ಯುತ್ತು 36 ಲಕ್ಷ ಜೂಲ್‌ಗಳಿಗೆ ಸಮ. ಎಂದರೆ ಒಂದು ಯೂನಿಟ್ ಸುಮಾರು 245 ಎಳೆತಗಳಿಗೆ ಸಮನಾಗುತ್ತದೆ. ಕಪಿಲೆ ಹೊಡೆಯುವವನ ಹಾಡು ದಣಿವು ಮರೆಯುವುದಕ್ಕೆ ಮಾತ್ರ ಇದ್ದದ್ದಲ್ಲ. ಎತ್ತಿನ ನಡೆಗೆ ಲಯವನ್ನೂ ಎಳೆತಗಳ ಎಣಿಕೆಗೆ ಆಸರೆಯನ್ನೂ ಅದು ಒದಗಿಸಬಲ್ಲದು.

ಪ್ರಾಣಿಬಲವನ್ನು ಯಂತ್ರಕ್ಕೆ ಹೂಡುವ ತಿಳಿವಳಿಕೆ ಕೃಷಿಗೆ ಸೀಮಿತವಾಗಿರಲಿಲ್ಲ. ಚಿತ್ರದುರ್ಗದ ಕೋಟೆಯೊಳಗೆ ಹೊಂಡವೊಂದರಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ನಾಲ್ಕು ಬೃಹತ್ ಬೀಸುಕಲ್ಲುಗಳಿವೆ. ಕೋವಿಮದ್ದು ಅರೆಯಲು ಇವನ್ನು ಬಳಸುತ್ತಿದ್ದರೆಂದೂ, ಆನೆ ಅಥವಾ ಕೋಣಗಳಿಂದ ತಿರುಗಿಸುತ್ತಿದ್ದರೆಂದೂ ಸ್ಥಳೀಯ ಹೇಳಿಕೆ. ಒಂದೇ ತಿರುಗುವಿಕೆಯನ್ನು ನಾಲ್ಕು ಕಲ್ಲುಗಳಿಗೆ ಹಂಚುವ ಉದ್ದೇಶ ಅವುಗಳ ಜೋಡಣೆಯಲ್ಲಿಯೇ ಕಾಣುತ್ತದೆ.

2. ಸೂಜಿಗಲ್ಲು ಮತ್ತು ಕಪ್ಪು ಮರಳು

ಕಾಂತವನ್ನು ಕನ್ನಡದ ಜನ 'ಸೂಜಿಗಲ್ಲು' ಎಂದು ಕರೆದರು. ಸಂಸ್ಕೃತದ 'ಅಯಸ್ಕಾಂತ' ಪದ ಕಬ್ಬಿಣದ ಮೇಲಣ ಒಲವನ್ನು ಸೂಚಿಸಿದರೆ, ಕನ್ನಡದ ಪದ ಕಣ್ಣಿಗೆ ಕಂಡ ಕ್ರಿಯೆಯನ್ನೇ ಹೆಸರಾಗಿಸಿದೆ. ಈ ಪದಕ್ಕೆ ಚಿತ್ರದುರ್ಗ ಸೀಮೆಯಲ್ಲಿ ನೆಲದ ಆಧಾರವೂ ಉಂಟು. ಭೂವಿಜ್ಞಾನಿಗಳು ಚಿತ್ರದುರ್ಗದ ಹೆಸರಿನಿಂದಲೇ ಗುರುತಿಸುವ ಪ್ರಾಚೀನ ಶಿಲಾಪಟ್ಟಿಯಲ್ಲಿ ಮ್ಯಾಗ್ನೆಟೈಟ್, ಹೆಮಟೈಟ್ ಎಂಬ ಕಬ್ಬಿಣದ ಅದಿರುಗಳು ಪದರಪದರವಾಗಿ ದೊರೆಯುತ್ತವೆ. ಇವುಗಳಲ್ಲಿ ಮ್ಯಾಗ್ನೆಟೈಟ್ ಕಾಂತಕ್ಕೆ ಬಲವಾಗಿ ಸೆಳೆಯಲ್ಪಡುವ ಅದಿರು. ಮಳೆಗೆ ಕೊಚ್ಚಿಬಂದು ಹಳ್ಳಗಳಲ್ಲಿ ನಿಂತ ಕಪ್ಪು ಮರಳಿನ ಮುಖ್ಯಾಂಶವೂ ಸಾಮಾನ್ಯವಾಗಿ ಇದೇ. 1800-01ರಲ್ಲಿ ಮೈಸೂರು ರಾಜ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಂಥ ಮರಳನ್ನು ತೊಳೆದು, ಇದ್ದಿಲಿನೊಡನೆ ಕುಲುಮೆಗೆ ಹಾಕಿ, ತಿದಿಯೊತ್ತಿ ಕಬ್ಬಿಣ ತೆಗೆಯುವ ಕೆಲಸವನ್ನು ವಿವರವಾಗಿ ದಾಖಲಿಸಿದ್ದಾನೆ.

ಕುಲುಮೆಯವರ ಜ್ಞಾನ ಉರಿಯ ಬಣ್ಣ ನೋಡಿ ಬಿಸಿಯನ್ನು ಅರಿಯುವ ಜ್ಞಾನ. ಇದ್ದಿಲಿನಲ್ಲಿ ಅಡಗಿದ ರಾಸಾಯನಿಕ ಶಕ್ತಿ ಶಾಖವಾಗುವುದು, ಇದ್ದಿಲಿನ ಇಂಗಾಲ ಅದಿರಿನ ಆಮ್ಲಜನಕವನ್ನು ಕಸಿದುಕೊಳ್ಳುವುದು ಎಂಬ ವಿವರಣೆ ನಂತರದ್ದು, ಕೆಲಸ ಮೊದಲಿನದು.

3. ಎರಡು ನದಿಗಳು, ಎರಡು ದಾರಿಗಳು

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ರಾಜ್ಯ ಎರಡು ದೊಡ್ಡ ಜಲಕಾರ್ಯಗಳನ್ನು ಕೈಗೆತ್ತಿಕೊಂಡಿತು. ಒಂದು ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆಯ ಅಣೆಕಟ್ಟು; 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಇದಕ್ಕೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಾಯಿತು. ಇನ್ನೊಂದು ಕಾವೇರಿಯ ಶಿವನಸಮುದ್ರದ ವಿದ್ಯುದಾಗಾರ. ಇದು 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದಿತು.

ಒಂದೇ ಕಾಲದ ಈ ಎರಡು ಕಾರ್ಯಗಳಲ್ಲಿ ಒಂದು ಬೆಳಕಾಯಿತು, ಇನ್ನೊಂದು ಗದ್ದೆ-ತೋಟವಾಯಿತು. ಕಾರಣವನ್ನು ಭೌತವಿಜ್ಞಾನವೇ ಹೇಳುತ್ತದೆ. ನೀರಿನಿಂದ ದೊರೆಯುವ ವಿದ್ಯುತ್ತು ಎರಡನ್ನು ಅವಲಂಬಿಸಿದೆ: ಪ್ರತಿ ಕ್ಷಣ ಹರಿಯುವ ನೀರಿನ ಪ್ರಮಾಣ ಮತ್ತು ಅದು ಬೀಳುವ ಎತ್ತರ. ಶಿವನಸಮುದ್ರದಲ್ಲಿ ಸುಮಾರು 400 ಅಡಿಯ ಇಳಿತವಿದೆ, ಕಾವೇರಿಯ ಹರಿವಿದೆ. ವೇದಾವತಿ ಮಳೆಗಾಲದ ಹೊಳೆ. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಇಂಥ ನೀರನ್ನು ಕೂಡಿಡುವುದೇ ವಿವೇಕ. ಅಣೆಕಟ್ಟಿನ ಬಳಿ ನೆಲೆನಿಂತ ಕಣಿವೆ ಮಾರಮ್ಮನ ಭಕ್ತಿಯಲ್ಲಿಯೂ ಬೆಳಕಿನ ಬಯಕೆಗಿಂತ ನೀರಿನ ಹಂಬಲವೇ ದೊಡ್ಡದು.

4. 'ಕರೆಂಟು' ಬಂದ ಮೇಲೆ

ಹಳ್ಳಿಗಳಿಗೆ ವಿದ್ಯುತ್ತು ವ್ಯಾಪಕವಾಗಿ ತಲುಪಿದ್ದು 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾಗಿ, ಜೋಗದ ನಂತರ ಶರಾವತಿಯ ಹೊಸ ವಿದ್ಯುದಾಗಾರವೂ ಕೆಲಸ ಆರಂಭಿಸಿದ ಮೇಲೆ. ಜನ ಅದನ್ನು 'ವಿದ್ಯುತ್' ಎನ್ನಲಿಲ್ಲ, 'ಕರೆಂಟು' ಎಂದರು. ಕರೆಂಟು ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ. ಮಳೆ, ನೆಂಟ, ದೆವ್ವಗಳಿಗೆ ಬಳಸುವ ಕ್ರಿಯಾಪದಗಳೇ ಅದಕ್ಕೂ ದೊರೆತವು.

ಬಾವಿಯ ಮಟ್ಟದಲ್ಲಿ ಆದ ಬದಲಾವಣೆ ಇದಕ್ಕಿಂತ ಆಳವಾದದ್ದು. 5 ಅಶ್ವಶಕ್ತಿಯ ಮೋಟಾರು ಒಂದು ಗಂಟೆಯಲ್ಲಿ ಸುಮಾರು 3.7 ಯೂನಿಟ್‌ನಷ್ಟು ಕೆಲಸ ಮಾಡಬಲ್ಲದು. ಪಂಪು, ಕೊಳವೆಗಳಲ್ಲಿ ಅರ್ಧ ಪೋಲಾದರೂ ಮೇಲಿನ ಲೆಕ್ಕದಂತೆ ಅದು 450 ಎಳೆತಗಳಿಗೆ ಸಮ. ಎತ್ತು ದಣಿಯುತ್ತಿತ್ತು, ಅದು ಮೇಯುವ ಹೊತ್ತಿನಲ್ಲಿ ಬಾವಿಯ ಸೆಲೆ ತುಂಬಿಕೊಳ್ಳುತ್ತಿತ್ತು. ಎತ್ತಿನ ದಣಿವೇ ಅಂತರ್ಜಲದ ಕಾವಲಾಗಿತ್ತು ಎಂದರೆ ತಪ್ಪಾಗಲಾರದು. ಮೋಟಾರಿಗೆ ದಣಿವಿಲ್ಲ. ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ನೂರಾರು ಅಡಿ ಇಳಿದವು. 10 ಮೀಟರಿನಿಂದ ಎತ್ತುತ್ತಿದ್ದ ಅದೇ ಕೊಡ ನೀರನ್ನು 150 ಮೀಟರಿನಿಂದ ಎತ್ತಲು 15 ಪಟ್ಟು ಶಕ್ತಿ ಬೇಕು. 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ತು ಉಚಿತವಾದ್ದರಿಂದ ಈ ಹೆಚ್ಚಳ ರೈತನ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ನೆಲದ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ. ಈಗ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ನೀರನ್ನು ವಿದ್ಯುತ್ತಿನಿಂದಲೇ ಮೇಲೆತ್ತಿ ವಾಣಿವಿಲಾಸ ಸಾಗರಕ್ಕೆ ಹರಿಸಲಾಗುತ್ತಿದೆ. ಕಪಿಲೆಯ ಪ್ರಶ್ನೆ ಇನ್ನೂ ಮುಗಿದಿಲ್ಲ, ಅದರ ಗಾತ್ರ ದೊಡ್ಡದಾಗಿದೆ ಅಷ್ಟೆ.

5. ಗುಡ್ಡದ ಮೇಲಿನ ಗಾಳಿ

ಜೋಗಿಮಟ್ಟಿಯ ಸಾಲಿನಲ್ಲಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಗುಡ್ಡಗಳ ಮೇಲೆ ಇಂದು ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿ ಈ ಸೀಮೆಯ ರೈತನಿಗೆ ಹೊಸಬನಲ್ಲ. ಕಣದಲ್ಲಿ ರಾಶಿ ತೂರುವವನು ಗಾಳಿಯ ದಿಕ್ಕನ್ನೂ ಹದವನ್ನೂ ಬಲ್ಲ: ಹೊಟ್ಟು ಹಾರಬೇಕು, ಕಾಳು ನಿಲ್ಲಬೇಕು. ಸುಗ್ಗಿಯ ಕಾಲದ ಹದವಾದ ಗಾಳಿ ಅವನಿಗೆ ಸಾಕು. ಯಂತ್ರಕ್ಕೆ ಬೇಕಾದದ್ದು ಆಷಾಢದ ರಭಸದ ಪಡುವಣ ಗಾಳಿ. ಏಕೆಂದರೆ ಗಾಳಿಯ ವೇಗ ಇಮ್ಮಡಿಯಾದರೆ ಅದರಿಂದ ದೊರೆಯುವ ಬಲ ಎಂಟು ಪಟ್ಟಾಗುತ್ತದೆ. ಒಬ್ಬನು ಗಾಳಿಯ ಹದವನ್ನು ಕಾದರೆ, ಇನ್ನೊಬ್ಬನು ಅದರ ಅತಿಯನ್ನು ಕಾಯುತ್ತಾನೆ.

ಗಾಳಿಯಂತ್ರದ ಒಳಗೆ ನಡೆಯುವುದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ಕ್ರಿಯೆ: ತಾಮ್ರದ ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಕಬ್ಬಿಣ, ಕಾಂತ, ತಾಮ್ರ, ಗಾಳಿ ಇವು ನಾಲ್ಕೂ ಈ ಸೀಮೆಗೆ ಪರಿಚಿತವೇ. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ತಾಮ್ರದ ಗಣಿಗಾರಿಕೆ ನಡೆದಿತ್ತು. ಕಬ್ಬಿಣದ ಅದಿರು ಇಲ್ಲಿಯದೇ. ಆದರೆ ಅವುಗಳನ್ನು ಜೋಡಿಸಿದ ವಿದ್ಯೆ ಮಾತ್ರ ಹೊರಗಿನಿಂದ ಬಂದಿತು. ಗಾಳಿಯಂತ್ರದ ನೆರಳಿನಲ್ಲಿಯೇ ಕುರಿ ಮೇಯಿಸುವವನಿಗೆ ಅದು ಇನ್ನೂ 'ಫ್ಯಾನು'.

ಒಟ್ಟಾರೆ ಹೇಳುವುದಾದರೆ, ಜನಪದರ ಶಕ್ತಿಜ್ಞಾನ ವಿಜ್ಞಾನಕ್ಕೆ ವಿರೋಧಿಯಲ್ಲ, ಅದರ ಬದಲಿಯೂ ಅಲ್ಲ. ಅದು ಅಳತೆಯ ಇನ್ನೊಂದು ಭಾಷೆ. ಕಪಿಲೆಯ ಪದಗಳನ್ನು ನಾವು ಸಾಹಿತ್ಯವೆಂದು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಇಳಿಜಾರಿನ ಉದ್ದ, ಚೀಲದ ಹಿಡಿತ, ಬಾವಿಯ ಆಳ, ಎತ್ತಿನ ವಿರಾಮಗಳನ್ನು ದಾಖಲಿಸಿಲ್ಲ. ಕಪಿಲೆ ಹೊಡೆದ ತಲೆಮಾರು ಮುಪ್ಪಿನಲ್ಲಿದೆ. ಹಾಡನ್ನು ಉಳಿಸಿಕೊಂಡು ಲೆಕ್ಕವನ್ನು ಕಳೆದುಕೊಂಡರೆ, ಒಂದು ಕೊಡ ನೀರಿಗೆ ಎಷ್ಟು ಕಸುವು ತಗಲುತ್ತದೆ ಎಂದು ಈ ನೆಲದ ಜನ ಒಮ್ಮೆ ಅರಿತಿದ್ದರೆಂಬುದೇ ಮರೆತುಹೋಗುತ್ತದೆ. ಜಾನಪದ ಸಂಶೋಧಕರೂ ಶಾಲೆಯ ವಿಜ್ಞಾನ ಶಿಕ್ಷಕರೂ ಕೂಡಿ ಮಾಡಬೇಕಾದ ಕ್ಷೇತ್ರಕಾರ್ಯ ಇದು. ಹಳೆಯ ಬಾವಿಗಳ ದಡದಲ್ಲಿ ಇಳಿಜಾರಿನ ಗುರುತು ಉಳಿದಿರುವಾಗಲೇ ಅದನ್ನು ಆರಂಭಿಸುವುದು ಅಗತ್ಯ.